ಅರಬ್ಬಿ ತರಗತಿಯ ಬೀಗ

ತಿಪಟೂರು
9 ಜನವರಿ 1982

ಚಿ. ಹೊಂಬಾಳಮ್ಮನಿಗೆ,

ಜನವರಿ ನಾಲ್ಕು, ಸೋಮವಾರ ಬೆಳಿಗ್ಗೆ ನಮ್ಮ ಸಂತೆಬೀದಿ ವಾಚನಾಲಯದ ಹಿಂದಿನ ಕೋಣೆಗೆ ಬೀಗ ಜಡಿದು ಅರಬ್ಬಿ ತರಗತಿಯನ್ನು ಮುಚ್ಚಿದರು. ನಮಗೆ ಪಾಠ ಹೇಳುತ್ತಿದ್ದ ಖುದ್ದೂಸ್ ಸಾಹೇಬರ ಪುಸ್ತಕಗಳನ್ನು ಕೊಬ್ಬರಿ ತುಂಬುವ ಗೋಣಿಚೀಲಕ್ಕೆ ಸುರಿದು ಜಗಲಿಯಲ್ಲಿ ಒರಗಿಸಿದ್ದರು. ಬಾಗಿಲಿಗೆ ಒಂದು ಚೀಟಿ: ‘ಸಾರ್ವಜನಿಕ ಹಿತದೃಷ್ಟಿಯಿಂದ.’ ಯಾವ ಸಾರ್ವಜನಿಕರು, ಯಾವ ಹಿತ, ಒಂದೂ ಅದರಲ್ಲಿಲ್ಲ. ಮಾರನೆಯ ದಿನ ನಿನ್ನನ್ನು ನಿಮ್ಮಕ್ಕನ ಮನೆಗೆ ಬಸ್ಸು ಹತ್ತಿಸಿದರೆಂದು ತಿಳಿಯಿತು. ಈ ವಿಳಾಸವನ್ನು ನಿನ್ನ ತಾಯಿ ಅಂಕಮ್ಮನವರಿಂದ ಪಡೆದೆ. ಕೊಡುವ ಮೊದಲು ಅವರು ಬಾಗಿಲ ಆಚೆ ಈಚೆ ನೋಡಿದರು.

ಆ ಕಟ್ಟಡ ಎದ್ದ ವರ್ಷ ನಾನು ಹೈಸ್ಕೂಲಿಗೆ ಹೊಸ ಚರಿತ್ರೆ ಮೇಷ್ಟ್ರು. 1953. ಇವತ್ತು ಬೀಗ ಹಾಕಿದ ಕೋಣೆಯ ತೊಲೆಗಳನ್ನು ಖುದ್ದೂಸ್ ಸಾಹೇಬರ ತಂದೆಯೇ ಗಾಡಿಯಲ್ಲಿ ತಂದು ಇಳಿಸಿದ್ದರು. ‘ಓದೋರ ತಲೆ ಮೇಲೆ ಇರ್ಲಿ’ ಅಂದಿದ್ದರು. ಇದನ್ನು ಕಂಡವರು ಊರಿನಲ್ಲಿ ಈಗ ಕೆಲವರೇ ಉಳಿದಿದ್ದೇವೆ. ಅದಕ್ಕೇ ಬೀಗ ಹಾಕುವವರಿಗೆ ಧೈರ್ಯ.

ಎಲ್ಲಕ್ಕೂ ಕಾರಣ ಎನ್ನುವ ಜನವರಿ ಎರಡರ ಶನಿವಾರದ ಪಾಠಕ್ಕೆ ನಾನಿರಲಿಲ್ಲ, ತುರುವೇಕೆರೆಗೆ ಮದುವೆಗೆ ಹೋಗಿದ್ದೆ. ಗಲ್ಫಿಗೆ ಹೋಗಬೇಕೆಂದಿರುವ ಇಬ್ಬರು ಹುಡುಗರೂ ಊರಿಗೆ ಹೋಗಿದ್ದರಂತೆ. ಹಾಗಾದರೆ ಅಲ್ಲಿ ಇದ್ದವರು ಯಾರು? ನಡೆದದ್ದೇನು? ಸಾಹೇಬರನ್ನು ಕೇಳಿದರೆ ‘ಬಿಡಿ ಮೇಷ್ಟ್ರೆ’ ಎಂದು ಕನ್ನಡಕ ಒರೆಸುತ್ತಾರೆ. ನೀನಾದರೂ ಬರಿ.

ಏಪ್ರಿಲ್ ಹದಿನೆಂಟಕ್ಕೆ ಬೆಂಗಳೂರಿನಲ್ಲಿ ಅರಬ್ಬಿಯ ಎರಡನೇ ಹಂತದ ಪರೀಕ್ಷೆ. ಅದು ಪಾಸಾದರೆ ನಿನಗೆ ಮೈಸೂರಿನಲ್ಲಿ ಮುಂದಿನ ಓದು ಖಂಡಿತ ಎಂದು ಸಾಹೇಬರೇ ಹೇಳಿದ್ದಾರೆ. ಕೋಣೆಗೆ ಬೀಗ ಬಿದ್ದರೆ ಓದಿಗೆ ಬೀಳಬೇಕಾಗಿಲ್ಲ. ಹಳೆಯ ಪದ್ಯಗಳ ಪಾಠವನ್ನು ನಕಲು ಮಾಡಿ ಇಟ್ಟಿದ್ದೇನೆ. ನನ್ನ ಅರಬ್ಬಿ ಬರಹ ಇರುವೆ ಮಸಿಯಲ್ಲಿ ಬಿದ್ದು ಎದ್ದ ಹಾಗಿದೆ, ಸಹಿಸಿಕೊ.

ನಿನ್ನ ಸಹಪಾಠಿಯೂ ಹೌದಾದ ಮೇಷ್ಟ್ರು,
ಶಂಭುಲಿಂಗಯ್ಯ


ಕೋಲಾರ ಚಿನ್ನದ ಗಣಿ
20 ಜನವರಿ 1982

ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಬಂತು. ಭಾವ ಒಡೆದು ನೋಡಿಯೇ ಕೊಟ್ಟರು. ಓದಿನ ವಿಷಯವಾದರೆ ಬರೆಯಬಹುದು ಎಂದಿದ್ದಾರೆ. ಆದ್ದರಿಂದ ಓದಿನ ವಿಷಯವನ್ನೇ ಬರೆಯುತ್ತೇನೆ.

ಪದ್ಯದ ಪಾಠ ಚೆನ್ನಾಗಿದೆ. ಗುಂಪು ಡೇರೆ ಕಿತ್ತುಕೊಂಡು ಹೋದ ಜಾಗಕ್ಕೆ ಕವಿ ಬಂದು ನಿಲ್ಲುವುದು, ಅಲ್ಲಿ ಮಸಿ ಹಿಡಿದ ಮೂರು ಒಲೆಗುಂಡು ಮಾತ್ರ ಉಳಿದಿರುವುದು. ಅರಬ್ಬಿಯ ಹಳೆಯ ಪದ್ಯಗಳು ಸಾಮಾನ್ಯವಾಗಿ ಹೀಗೇ ಶುರುವಾಗುತ್ತವೆಂದು ಸಾಹೇಬರು ಹೇಳಿದಾಗ ಹುಡುಗರು ನಕ್ಕಿದ್ದರು. ನಾನು ನಗಲಿಲ್ಲ. ನಮ್ಮೂರು ಕೆಂಕೆರೆಯಿಂದ ಹುಳಿಯಾರಿಗೆ ನಡೆಯುವಾಗ ನಮ್ಮ ಹೊಲದಂಚಿನಲ್ಲಿ ಕುರಿಯವರು ಬಿಟ್ಟುಹೋದ ಮೂರು ಗುಂಡು ಎಷ್ಟೋ ಸಲ ನೋಡಿದ್ದೇನೆ. ಅಜ್ಜಿ ಅವನ್ನು ಎತ್ತಲು ಬಿಡುತ್ತಿರಲಿಲ್ಲ. ‘ಮುಂದಿನ್ವರ್ಸ ಬತ್ತಾರೆ, ಇರ್ಲಿ ಬುಡು’ ಅನ್ನುತ್ತಿದ್ದಳು. ಅರಬ್ಬಿ ಕವಿ ಅಳುತ್ತಾನೆ, ನಮ್ಮಜ್ಜಿ ಕಾಯುತ್ತಾಳೆ. ಇದರ ಮೇಲೆ ಒಂದು ಪುಟ ಬರೆದು ಕಳಿಸಲೇ? ಪರೀಕ್ಷೆಗೆ ಬರುವಂಥದ್ದೇ?

ಸಾಹೇಬರು ಬಸ್ರಾದ ಖರ್ಜೂರದ ಗೋದಾಮಿನಲ್ಲಿ ಗುಮಾಸ್ತರಾಗಿದ್ದಾಗ ಕಲಿತ ಪಟ್ಟಿಯನ್ನು ನಾನಿನ್ನೂ ಬಾಯಲ್ಲಿ ಹೇಳಿಕೊಳ್ಳುತ್ತೇನೆ. ಖರ್ಜೂರ ಮೊಗ್ಗಾಗಿದ್ದಾಗ ಒಂದು ಹೆಸರು, ಹಸಿರಾಗಿದ್ದಾಗ ಒಂದು, ಬಣ್ಣ ತಿರುಗಿದಾಗ ಒಂದು, ಒಣಗಿದ ಮೇಲೆ ಇನ್ನೊಂದು. ನಾವು ಹೊಂಬಾಳೆ, ಎಳನೀರು, ಕಾಯಿ, ಗಿಟುಕು ಅಂದ ಹಾಗೆ. ‘ಮರ ಸಾಕ್ದೋರ ಭಾಷೆ ಎಲ್ಲಾ ಕಡೆ ಒಂದೇ ಕಣಮ್ಮ’ ಅಂದಿದ್ದರು.

ಆ ಶನಿವಾರ ಎಂದಿನಂತೆ ಪಾಠ ನಡೆಯಿತು. ಸಾಹೇಬರು ಯಾವ ತಪ್ಪನ್ನೂ ಮಾಡಲಿಲ್ಲ. ಯಾರಿದ್ದರು ಎಂದು ದಯವಿಟ್ಟು ಕೇಳಬೇಡಿ.

ಹೊಂಬಾಳಮ್ಮ


ತಿಪಟೂರು
2 ಫೆಬ್ರವರಿ 1982

ಚಿ. ಹೊಂಬಾಳಮ್ಮನಿಗೆ,

ಒಲೆಗುಂಡಿನ ಮೇಲೆ ಖಂಡಿತ ಬರೆ. ಹೋಲಿಕೆಯ ಪ್ರಶ್ನೆ ಪ್ರತಿ ವರ್ಷವೂ ಇರುತ್ತದಂತೆ.

ಕೇಳಬೇಡಿ ಎಂದೆ. ಊರೇ ಮಾತಾಡುತ್ತಿರುವಾಗ ನಾನೊಬ್ಬ ಕೇಳದೆ ಇರುವುದು ಹೇಗೆ? ವಾಚನಾಲಯದ ಜವಾನ ಸಣ್ಣತಿಮ್ಮಯ್ಯನನ್ನು ಬೀಡಿ ಅಂಗಡಿಯ ಮುಂದೆ ಹಿಡಿದು ನಿಲ್ಲಿಸಿದೆ.

‘ಏನು ನೋಡಿದೆಯೋ?’

‘ನೋಡ್ದೆ ಕಣ್ರೀ ಮೇಷ್ಟ್ರೆ. ತಟ್ಟೆ ನೋಡ್ದೆ. ಕಾಯಿ, ಎಲೆ, ಅಡಿಕೆ. ಸಾಹೇಬ್ರು ಎರಡೂ ಕೈಯಾಗೆ ಎತ್ತಿ ಕೊಟ್ರು.’

‘ಯಾರಿಗೆ ಕೊಟ್ಟರು?’

‘ಆ ಹುಡ್ಗೀನೇ ನಿಂತಿತ್ತಲ್ಲ ಪಕ್ಕದಾಗೆ.’

‘ನಿಂತದ್ದು ನೋಡಿದೆಯೋ, ತಗೊಂಡದ್ದು ನೋಡಿದೆಯೋ?’

‘ಕಿಟಕಿ ಸಣ್ದು ಬುಡಿ ಮೇಷ್ಟ್ರೆ. ಯೋಳಿದ್ದು ನಾನೊಬ್ನೇನಾ? ಸಂತೆನೇ ಯೋಳ್ತದೆ.’

ಸಂತೆ ಹೇಳುತ್ತಿರುವುದು ಇಷ್ಟು: ಕೆಂಕೆರೆ ಕರಿಯಪ್ಪನ ಮಗಳನ್ನು, ಅಂದರೆ ನಿನ್ನನ್ನು, ಸಾಹೇಬರ ಮನೆಗೆ ಒಪ್ಪಿಸಿಯಾಯಿತು, ವೀಳ್ಯವೂ ಆಯಿತು. ನಮ್ಮ ಸೀಮೆಯಲ್ಲಿ ಎರಡು ಕಡೆಯ ನಡುವೆ ಕಾಯಿ-ಎಲೆಯ ತಟ್ಟೆ ಕೈ ಬದಲಾಯಿಸಿತೆಂದರೆ ಹೆಣ್ಣು ಕೊಟ್ಟ ಹಾಗೆಯೇ ಎಂಬುದು ನಿನಗೆ ಗೊತ್ತಿಲ್ಲದ್ದೇನಲ್ಲ. ಸಾಹೇಬರ ಮನೆಯಲ್ಲಿ ಮದುವೆಯಾಗಬೇಕಾದ ಗಂಡಾದರೂ ಎಲ್ಲಿದ್ದಾನೆ? ಅದನ್ನು ಯಾರೂ ಕೇಳುವುದಿಲ್ಲ.

ನಿನ್ನ ಸೋದರಮಾವ ಹುಚ್ಚರಂಗಯ್ಯನವರ ಕೊಬ್ಬರಿ ಮಂಡಿಗೂ ಹೋಗಿ ಬಂದೆ. ವಾಚನಾಲಯ ಸಮಿತಿಯ ಅಧ್ಯಕ್ಷರು ಅವರೇ, ನೀನು ಕಾಲೇಜು ಓದಿದ್ದೂ ಅವರ ಮನೆಯಲ್ಲಿದ್ದುಕೊಂಡು. ಬಹಳ ನೊಂದುಕೊಂಡಿದ್ದಾರೆ. ‘ಆವತ್ತು ನಾನು ಅರಸೀಕೆರೆಗೆ ಹೋಗಿದ್ದೆ ಮೇಷ್ಟ್ರೆ. ಊರಲ್ಲಿದ್ದಿದ್ರೆ ಇಂಥದ್ದು ಆಗಕ್ಕೆ ಬಿಡ್ತಿದ್ನಾ? ಬೀಗ ಹಾಕ್ಸಿದ್ದೂ ಆ ಮಗೂ ಮರ್ಯಾದೆಗೇ’ ಎಂದರು. ಮನುಷ್ಯ ಒಳ್ಳೆಯವರು. ಎಳನೀರು ಕೊಚ್ಚಿಸಿ ಕೊಟ್ಟರು. ಬೀಗ ತೆಗೆಸಲು ಅವರನ್ನೇ ಹಿಡಿಯಬೇಕೆಂದಿದ್ದೇನೆ.

ಸಾಹೇಬರು ಶಿರಾಕ್ಕೆ, ಮಗಳ ಮನೆಗೆ ಹೊರಟುಹೋದರು. ಬಸ್ ಸ್ಟ್ಯಾಂಡಿನಲ್ಲಿ ನನ್ನ ಬಿಟ್ಟರೆ ಯಾರೂ ಇರಲಿಲ್ಲ. ‘ನಾನು ಬಾಯ್ಬಿಟ್ರೆ ಆ ಹುಡುಗಿ ಹೆಸರು ಇನ್ನೊಂದ್ಸಲ ಬೀದಿಗೆ ಬರುತ್ತೆ’ ಎಂದು ಮಾತ್ರ ಹೇಳಿದರು.

ಶಂಭುಲಿಂಗಯ್ಯ


ಕೋಲಾರ ಚಿನ್ನದ ಗಣಿ
14 ಫೆಬ್ರವರಿ 1982

ಪೂಜ್ಯ ಮೇಷ್ಟ್ರಿಗೆ,

ದಯವಿಟ್ಟು ಮಾವನ ಮಂಡಿಗೆ ಮತ್ತೆ ಹೋಗಬೇಡಿ. ಯಾರಿಗೂ ಅರ್ಜಿ ಬರೆಯಬೇಡಿ. ನಾನು ಪರೀಕ್ಷೆಗೆ ಕೂರುವುದಿಲ್ಲ. ಪಾಠ ಕಳಿಸುವ ಶ್ರಮವನ್ನೂ ನಿಲ್ಲಿಸಿ.

ಹೊಂಬಾಳಮ್ಮ


ತಿಪಟೂರು
22 ಫೆಬ್ರವರಿ 1982

ಹೊಂಬಾಳಮ್ಮನಿಗೆ,

ನಾಲ್ಕು ಸಾಲಿನ ಕಾಗದ ಓದಲು ನನಗೆ ಒಂದು ಇಡೀ ಬೆಳಿಗ್ಗೆ ಹಿಡಿಯಿತು.

ಚರಿತ್ರೆ ಕಲಿಸಿದವನಿಗೆ ಒಂದು ಕೆಟ್ಟ ಅಭ್ಯಾಸ: ಮೌನವನ್ನೂ ಸಾಕ್ಷಿ ಎಂದೇ ಓದುತ್ತೇನೆ. ಸಾಹೇಬರು ಮಾತಾಡುವುದಿಲ್ಲ. ನೀನು ಮಾತಾಡುವುದಿಲ್ಲ. ಮಾತಾಡಿದವರು ನಿನ್ನ ಮಾವ ಒಬ್ಬರೇ, ಅವರ ಹತ್ತಿರ ಹೋಗಬೇಡ ಅನ್ನುತ್ತೀಯ. ಹಾಗಾದರೆ ಸಂತೆಯ ಮಾತಿನಲ್ಲಿ ನಿಜವಿದೆಯೆಂದು ತಿಳಿಯಲೇ? ಸಾಹೇಬರು ನನಗೂ ಹೇಳದ ಯಾವುದೋ ಸಂಬಂಧ ಕುದುರಿಸಲು ಆ ತಟ್ಟೆ ಎತ್ತಿದರೇ? ಇದ್ದರೆ ಇದೆ ಎನ್ನು. ನನಗೆ ಜಾತಿಯ ತಕರಾರಿಲ್ಲ. ಆದರೆ ಪಾಠ ಹೇಳುವ ಕೋಣೆಯನ್ನು ಬೇರೆ ಕೆಲಸಕ್ಕೆ ಬಳಸಿದ್ದು ನಿಜವಾದರೆ ಬೀಗದ ವಿರುದ್ಧ ನಾನು ಯಾವ ಬಾಯಲ್ಲಿ ಮಾತಾಡಲಿ?

ಎರಡು ವರ್ಷ ಆ ಮನುಷ್ಯ ನಮಗೆ ಕಲಿಸಿದ್ದಾರೆ. ಮೊದಲ ವರ್ಷ ಅಕ್ಷರ, ಪೇಟೆಯ ಮಾತು. ಎರಡನೆಯ ವರ್ಷ ಕಥೆ, ಪದ್ಯ, ಅರಬ್ಬರ ಮನೆಯ ನಡವಳಿಕೆ. ‘ಮಾತು ಕಲಿತ್ರೆ ಸಾಲ್ದು, ಅವರ ಜಗಲೀಲಿ ಕೂತ್ಕೊಳ್ಳೋದು ಕಲೀಬೇಕು’ ಎನ್ನುತ್ತಿದ್ದವರು. ಅವರ ಹೆಸರು ಹೋಗುತ್ತಿದೆ. ನೀನು ಪರೀಕ್ಷೆ ಬೇಡವೆಂದು ಕಾಗದ ಮಡಚಿ ಕೂತಿದ್ದೀಯ. ನನಗೆ ಇದು ಸರಿಬರುವುದಿಲ್ಲ.

ಶಂಭುಲಿಂಗಯ್ಯ


ಕೋಲಾರ ಚಿನ್ನದ ಗಣಿ
8 ಮಾರ್ಚ್ 1982

ಮೇಷ್ಟ್ರೆ,

ಇದನ್ನು ಭಾವನ ಕೈಗೆ ಕೊಡದೆ ನಾನೇ ಅಂಚೆಗೆ ಹಾಕುತ್ತಿದ್ದೇನೆ.

ನೀವು ಸಂತೆಯವರಿಗಿಂತ ಬೇರೆ ಎಂದುಕೊಂಡಿದ್ದೆ. ಅವರು ಕಿಟಕಿಯಲ್ಲಿ ನೋಡಿದರು, ನೀವು ನನ್ನ ಕಾಗದದಲ್ಲಿ ನೋಡಿದಿರಿ. ಇಬ್ಬರಿಗೂ ಕಂಡದ್ದು ಒಂದೇ. ಈಗ ನಡೆದದ್ದನ್ನು ಓದಿ.

ಆ ಶನಿವಾರ ಪಾಠಕ್ಕೆ ಬಂದವಳು ನಾನೊಬ್ಬಳೇ. ಸಾಹೇಬರು ಬಾಗಿಲಲ್ಲೇ ನಿಂತರು. ‘ಒಬ್ಬಳೇ ಇದ್ದೀಯಮ್ಮ, ಇವತ್ತು ಬೇಡ’ ಎಂದರು. ಅಷ್ಟರಲ್ಲಿ ನನ್ನನ್ನು ಮನೆಗೆ ಕರೆದೊಯ್ಯಲು ಮಾವ ಬಂದರು. ಹೌದು, ಹುಚ್ಚರಂಗಯ್ಯ ಮಾವ. ಅವರು ಅರಸೀಕೆರೆಗೆ ಹೋಗಿರಲಿಲ್ಲ. ಸಾಹೇಬರಿಗೆ ಸಮಾಧಾನವಾಯಿತು. ‘ನೀವು ಕೂತ್ಕೊಳ್ಳೋದಾದ್ರೆ ಪಾಠ ಮಾಡ್ತೀನಿ’ ಎಂದು ಅವರೇ ಕುರ್ಚಿ ಎಳೆದು ಕೊಟ್ಟರು.

ಪಾಠ ಅತಿಥಿಯದು. ಮರುಭೂಮಿಯ ಜನರಲ್ಲಿ ಅತಿಥಿ ಏನಾದರೂ ದೊಡ್ಡದನ್ನು ಕೇಳಲು ಬಂದಿದ್ದರೆ, ಕೊಟ್ಟ ಕಾಫಿಯನ್ನು ಕುಡಿಯದೆ ಮುಂದೆ ಇಟ್ಟುಬಿಡುತ್ತಾನೆ. ಮನೆಯೊಡೆಯನಿಗೆ ಅದು ಅರ್ಥವಾಗುತ್ತದೆ. ‘ಕುಡಿ, ನಿನ್ನ ಕೆಲಸ ಆಯಿತು’ ಎಂದು ಅವನು ಮಾತು ಕೊಟ್ಟ ಮೇಲೆಯೇ ಬಟ್ಟಲು ಎತ್ತುವುದು. ಕುಡಿಯದೆ ಎದ್ದು ಹೋದರೆ ಮನೆಯೊಡೆಯನ ಮಾನ ಹೋದಂತೆ. ಕಥೆಯಲ್ಲಿ ಅತಿಥಿ ಒಂದು ಕುದುರೆಯನ್ನು ಕೇಳಲು ಬಂದಿರುತ್ತಾನೆ. ಸಾಹೇಬರು ಅತಿಥಿ, ಮಾವ ಮನೆಯೊಡೆಯ. ನಾನು ಪುಸ್ತಕ ಹಿಡಿದು ಇಬ್ಬರ ಮಾತನ್ನೂ ಅರಬ್ಬಿಯಲ್ಲಿ ಓದಿ ಕನ್ನಡದಲ್ಲಿ ಹೇಳಬೇಕು. ಹೋಟೆಲಿನಿಂದ ಕಾಫಿ ತರಿಸಿದ್ದರು.

ತಟ್ಟೆ ತಂದವಳು ನಾನು. ಬರಿಗೈಯಲ್ಲಿ ಕೇಳುವುದು ನನಗೆ ನೋಡಲಾಗಲಿಲ್ಲ. ನಮ್ಮ ತೋಟದ ಕಾಯಿ ಚೀಲದಲ್ಲಿತ್ತು, ಎಲೆ ಅಡಿಕೆ ಮಾವನ ಸಂಚಿಯಲ್ಲಿತ್ತು. ‘ಇದು ಪಾಠದಲ್ಲಿಲ್ವಲ್ಲಮ್ಮ’ ಎಂದು ಸಾಹೇಬರು ನಕ್ಕರು. ‘ನಮ್ಮ ಕಡೆ ಹಿಂಗೇ ಕಣ್ರೀ’ ಎಂದರು ಮಾವ. ಸಾಹೇಬರು ಎರಡೂ ಕೈಯಲ್ಲಿ ಎತ್ತಿಕೊಟ್ಟರು. ತೆಗೆದುಕೊಂಡವರು ಮಾವ. ಎಲೆ ಮಡಚಿ ಬಾಯಿಗಿಟ್ಟುಕೊಂಡು, ‘ಕುಡೀರಿ ಸಾಹೇಬ್ರೆ, ಕೊಟ್ಟೆ. ಕುದ್ರೆ ತಗಂಡೋಗಿ, ಹುಲ್ ಹಾಕೋ ಕಾಟ ತಪ್ತು’ ಎಂದರು. ಮೂರೂ ಜನ ನಕ್ಕೆವು.

ಸಾಹೇಬರು ಕೇಳಿದ್ದು ಕುದುರೆಯನ್ನು, ಮೇಷ್ಟ್ರೆ.

ಭಾನುವಾರ ಸಣ್ಣತಿಮ್ಮಯ್ಯನ ಮಾತು ಊರಲ್ಲಿ ಹರಡಿತು. ಮಾವ ಒಂದು ಮಾತು ಹೇಳಿದ್ದರೆ ಅಲ್ಲೇ ಸಾಯುತ್ತಿತ್ತು. ಹೇಳಲಿಲ್ಲ. ಸೋಮವಾರ ಬೀಗ ಹಾಕಿಸಿದರು. ಕಳೆದ ದಸರೆಯಲ್ಲಿ ಅವರ ಮಗ ಮಾಯಣ್ಣನಿಗೆ ನನ್ನನ್ನು ಕೇಳಿದ್ದರು. ಓದು ಮುಗಿಯಲಿ ಎಂದು ನಾನು ಒಪ್ಪಲಿಲ್ಲ, ಅಪ್ಪನೂ ನನ್ನ ಕಡೆ ನಿಂತರು. ಈಗ ಬೇರೆ ಯಾವ ಮನೆಯವರೂ ನನ್ನನ್ನು ಕೇಳಿ ಬರುವುದಿಲ್ಲ. ಮಾವ ‘ಹೋಗ್ಲಿ, ನಮ್ಮ ಹೆಣ್ಣು, ನಾವೇ ತಂದ್ಕೋತೀವಿ’ ಎಂದು ದೊಡ್ಡ ಮನಸ್ಸು ಮಾಡಿದ್ದಾರಂತೆ. ಅಪ್ಪ ತಲೆಯೆತ್ತಿ ಓಡಾಡುತ್ತಿಲ್ಲ. ಏಪ್ರಿಲ್ ಇಪ್ಪತ್ತೊಂಬತ್ತಕ್ಕೆ ಮದುವೆ ಎಂದು ಮಾವನೇ ಗೊತ್ತು ಮಾಡಿದ್ದಾರೆ.

ಇದನ್ನು ಅಮ್ಮನಿಗೆ ಮೊದಲ ದಿನವೇ ಹೇಳಿದ್ದೆ. ಅಮ್ಮ ನನ್ನ ಕೈ ಹಿಡಿದುಕೊಂಡು, ‘ನನಗಿರೋನು ಒಬ್ಬನೇ ಅಣ್ಣ. ನನ್ನ ತವರು ಬಾಗ್ಲು ಮುಚ್ಚಿಸ್ಬ್ಯಾಡ ಕಣೇ’ ಎಂದಳು. ಅದಕ್ಕೇ ಬಾಯಿ ಮುಚ್ಚಿಕೊಂಡೆ. ನೀವು ಅವರ ಎಳನೀರು ಕುಡಿದು ಬಂದು ಒಳ್ಳೆಯವರು ಎಂದು ಬರೆದಾಗಲೂ ಮುಚ್ಚಿಕೊಂಡೆ. ಈಗಲೂ ಇದನ್ನು ಬೇರೆಯವರಿಗೆ ಹೇಳಿ ಎಂದು ನಾನು ಹೇಳುತ್ತಿಲ್ಲ. ಸಾಹೇಬರ ಮೇಲೆ ನಿಮಗೆ ಸಂಶಯ ಬಂತಲ್ಲ, ಅದನ್ನು ತೆಗೆಯಲು ಮಾತ್ರ ಬರೆದೆ.

ಹೊಂಬಾಳಮ್ಮ


ತಿಪಟೂರು
15 ಮಾರ್ಚ್ 1982

ಚಿ. ಹೊಂಬಾಳಮ್ಮನಿಗೆ,

ನಾನು ಸಂಶಯಪಟ್ಟದ್ದು ತಪ್ಪಾಯಿತು. ನೀನು ಹೇಳುವವರೆಗೆ ಬಾಯಿ ಬಿಡುವುದಿಲ್ಲ. ಮಂಡಿಯ ಮುಂದೆ ಹೋಗುವಾಗ ಮಾತ್ರ ದಾರಿ ಬದಲಿಸುತ್ತಿದ್ದೇನೆ, ಸಿಟ್ಟು ತಡೆಯಲು.

ಪರೀಕ್ಷೆಯ ಪ್ರವೇಶಪತ್ರ ನನ್ನ ವಿಳಾಸಕ್ಕೆ ಬಂದಿದೆ. ಇದರ ಜೊತೆಯಲ್ಲಿಟ್ಟಿದ್ದೇನೆ. ಹರಿಯುವುದಾದರೆ ನೀನೇ ಹರಿ. ಶಿರಾದಿಂದ ಸಾಹೇಬರು ಕೊನೆಯ ಪಾಠ ಕಳಿಸಿದ್ದಾರೆ, ಬೀಳ್ಕೊಡುವ ಮಾತುಗಳ ಪಾಠ. ಹೋಗುವವರು ಹೇಳುವುದು ಬೇರೆ, ಉಳಿಯುವವರು ಹೇಳುವುದು ಬೇರೆ. ಅದೂ ಇದೆ.

ಶಂಭುಲಿಂಗಯ್ಯ


ಕೋಲಾರ ಚಿನ್ನದ ಗಣಿ
1 ಏಪ್ರಿಲ್ 1982

ಪೂಜ್ಯ ಮೇಷ್ಟ್ರಿಗೆ,

ಹೇಳಿ. ಹೆಸರು ಹಾಕಿಯೇ ಹೇಳಿ. ನನ್ನ ಹೆಸರನ್ನೂ ಹಾಕಿ.

ಯುಗಾದಿಗೆ ನಾಲ್ಕು ದಿನ ಮೊದಲು ಮಾವ ಇಲ್ಲಿಗೆ ಬಂದಿದ್ದರು, ಸೀರೆ ತೋರಿಸುವ ನೆಪದಲ್ಲಿ. ನಮ್ಮಕ್ಕ ಕೆಂಪಕ್ಕ ಎಲ್ಲರಿಗೂ ಕಾಫಿ ಕೊಟ್ಟಳು. ನಾನು ನನ್ನ ಲೋಟವನ್ನು ಬಾಯಿಗಿಡದೆ ಅವರ ಮುಂದೆ ಇಟ್ಟೆ.

‘ಯಾಕೆ ಮಗಾ, ಸಕ್ರೆ ಕಮ್ಮಿ ಆಯ್ತಾ?’ ಎಂದರು ಭಾವ.

ಮಾವ ಲೋಟ ನೋಡಿದರು, ನನ್ನ ಮುಖ ನೋಡಿದರು. ‘ಆ ಆಟನೆಲ್ಲ ಇಲ್ಲಿಗೆ ಯಾಕೆ ತಂದೆಯೇ? ಎತ್ಕೊಂಡು ಕುಡಿ’ ಎಂದರು.

‘ಯಾವ ಆಟ ಮಾವ?’ ಎಂದಳು ಕೆಂಪಕ್ಕ. ಅವಳಿಗೆ ನಾನು ಕುದುರೆಯ ಕಥೆ ಹೇಳಿದ್ದೆ. ಅವಳು ನಂಬಿಯೂ ನಂಬದ ಹಾಗೆ ಇದ್ದಳು. ಮಾವ ಸೀರೆಯ ಗಂಟು ಬಿಚ್ಚತೊಡಗಿದರು. ‘ನೀನು ಅವತ್ತು ಅರಸೀಕೆರೇಲಿದ್ಯಲ್ಲ. ಲೋಟ ಕೆಳಗಿಟ್ರೆ ಅದು ಆಟ ಅಂತ ನಿಂಗೆ ಹೆಂಗೆ ಗೊತ್ತಾಯ್ತು?’ ಎಂದಳು ಅಕ್ಕ.

‘ಯಾರೋ ಯೋಳಿದ್ರು ಬುಡು.’

‘ಯಾರು?’

ಅವರು ಗಂಟು ಅಲ್ಲೇ ಬಿಟ್ಟು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಭಾವ ಹಿಂದೆ ಓಡಿದರು. ಕಾಫಿ ಹಾಗೇ ಆರಿತು.

ಕೆಂಪಕ್ಕ ಆ ದಿನವೇ ಕೆಂಕೆರೆಗೆ ಕಾಗದ ಬರೆದಳು. ಅಮ್ಮ ಬರೆಸಿದ ಉತ್ತರ ನಿನ್ನೆ ಬಂತು, ಒಂದೇ ಸಾಲು: ‘ಬಾಗ್ಲು ಮುಚ್ಚಿದ್ದು ನೀನಲ್ಲ, ಅವನು.’ ಅಪ್ಪ ಮದುವೆಗೆ ಆಗಲಿ ಎಂದೂ ಇಲ್ಲ, ಬೇಡ ಎಂದೂ ಇಲ್ಲ. ಊರಿನ ಬಾಯಿಗೆ ಹೆದರಿ ಕೂತಿದ್ದಾರೆ. ಊರಿನ ಬಾಯಿ ಮುಚ್ಚಿಸುವ ಶಕ್ತಿ ಇರುವುದು ಮಾವ ಒಬ್ಬರಿಗೇ.

ಹದಿನೆಂಟಕ್ಕೆ ಕೆಂಪಕ್ಕ ನನ್ನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗುತ್ತಾಳೆ. ಭಾವನಿಗೆ ಹೇಳಿಯೇ ಹೋಗುತ್ತೇವೆ.

ಹೊಂಬಾಳಮ್ಮ


ತಿಪಟೂರು
10 ಏಪ್ರಿಲ್ 1982

ಸಂತೆಬೀದಿ ವಾಚನಾಲಯ ಸಮಿತಿಯ ಅಧ್ಯಕ್ಷರಾದ ಶ್ರೀ ಹುಚ್ಚರಂಗಯ್ಯನವರಿಗೆ ಬಹಿರಂಗ ಪತ್ರ
(ಪ್ರತಿಗಳು: ವಾಚನಾಲಯದ ಸೂಚನಾ ಫಲಕಕ್ಕೆ, ಎಲ್ಲ ಸದಸ್ಯರಿಗೆ, ಶಿರಾದಲ್ಲಿರುವ ಖುದ್ದೂಸ್ ಸಾಹೇಬರಿಗೆ, ಕೆಂಕೆರೆಯ ಶ್ರೀ ಕರಿಯಪ್ಪನವರಿಗೆ, ಕು. ಹೊಂಬಾಳಮ್ಮನಿಗೆ)

ಮಾನ್ಯರೆ,

ಜನವರಿ ನಾಲ್ಕರಂದು ನೀವು ಸಹಿ ಹಾಕಿದ ಚೀಟಿಯಿಂದ ಒಂದು ತರಗತಿ ಮುಚ್ಚಿತು, ಒಬ್ಬ ಗುರು ಊರು ಬಿಟ್ಟರು, ಒಬ್ಬ ಹೆಣ್ಣುಮಗಳ ಓದು ನಿಂತಿತು. ಆ ಚೀಟಿಗೆ ಕಾರಣವಾದ ಪಾಠದಲ್ಲಿ ನೀವೇ ಕುಳಿತಿದ್ದಿರಿ ಎಂದು ನಾನು ಈ ಪತ್ರದಲ್ಲಿ ಹೆಸರು ಹಾಕಿ ಹೇಳುತ್ತಿದ್ದೇನೆ. ಆ ಹೆಣ್ಣುಮಗಳ ಒಪ್ಪಿಗೆ ಪಡೆದು ಹೇಳುತ್ತಿದ್ದೇನೆ. ಇದು ಸುಳ್ಳಾದರೆ ನನ್ನ ಮೇಲೆ ಮೊಕದ್ದಮೆ ಹಾಕಿ. ಕೋರ್ಟಿನಲ್ಲಿ ಪ್ರಮಾಣ ಮಾಡಿ ಹೇಳಲು ಶಿರಾದಿಂದ ಒಬ್ಬರು, ಗಣಿಯಿಂದ ಇಬ್ಬರು ಬರುತ್ತಾರೆ.

ಕೋರ್ಟು ಕರೆದರೆ ಬರುತ್ತೇನೆ, ಪತ್ರ ಮಾತ್ರ ಬೇಡ ಎಂದು ಸಾಹೇಬರು ಹೇಳಿದರೂ ಇದನ್ನು ಬರೆಯುತ್ತಿದ್ದೇನೆ. ಅವರ ಸೌಜನ್ಯ ಅವರಿಗಿರಲಿ. ಅವರು ತಮ್ಮ ವಿದ್ಯಾರ್ಥಿನಿಯ ಹೆಸರು ಕಾಯಲು ಸುಮ್ಮನಿದ್ದರು. ನೀವು ಅವಳ ಹೆಸರು ಕೆಡಲೆಂದು ಸುಮ್ಮನಿದ್ದಿರಿ. ಹೊರಗಿನಿಂದ ಎರಡೂ ಮೌನ ಒಂದೇ ಥರ ಕಂಡವು. ನಾನೂ ಕೆಲವು ವಾರ ಮೋಸ ಹೋದೆ.

ನಿಮ್ಮ ಮನೆಯ ಮದುವೆ ನಿಮ್ಮ ಮನೆಯ ವಿಚಾರ ಎನ್ನುತ್ತೀರಿ. ಹುಡುಗಿ ಒಪ್ಪಿದ್ದರೆ ನಾನೂ ಬಂದು ಅಕ್ಷತೆ ಹಾಕುತ್ತಿದ್ದೆ. ಊರಿನ ಸುಳ್ಳನ್ನು ಬೇಲಿ ಮಾಡಿ ಒಂದು ಹೆಣ್ಣನ್ನು ಒಳಗೆ ಹೊಡೆದುಕೊಂಡರೆ, ಅದಕ್ಕೆ ವಾಚನಾಲಯದ ಬೀಗವನ್ನು ಬಳಸಿದರೆ, ಅದು ಸಾರ್ವಜನಿಕ ವಿಚಾರವೇ.

ಹದಿನೆಂಟನೇ ತಾರೀಕು ಭಾನುವಾರ ವಾಚನಾಲಯದ ವಾರ್ಷಿಕ ಸಭೆ. ಆ ಹೊತ್ತಿಗೆ ಅವಳು ಬೆಂಗಳೂರಿನಲ್ಲಿ ಪರೀಕ್ಷೆ ಬರೆಯುತ್ತಿರುತ್ತಾಳೆ. ಅವಳು ಬಂದು ತನ್ನ ಪರವಾಗಿ ಮಾತಾಡಲಿ ಎಂದು ಯಾರೂ ಹೇಳಕೂಡದು, ಅವಳು ಮಾಡಬೇಕಾದದ್ದನ್ನು ಮಾಡಿದ್ದಾಳೆ. ಮಾತಾಡಬೇಕಾದವರು ನೀವು. ಮಂಡಿಯಲ್ಲಿ ಎಳನೀರು ಕೊಟ್ಟು ಒಬ್ಬೊಬ್ಬರ ಕಿವಿಯಲ್ಲಿ ಹೇಳುವುದು ಬೇಡ. ವರದಿ, ವಂದನಾರ್ಪಣೆ ಎಲ್ಲ ಆಮೇಲೆ. ಎಲ್ಲ ಸದಸ್ಯರ ಮುಂದೆ, ಕರಿಯಪ್ಪನವರನ್ನು ಮೊದಲ ಸಾಲಿನಲ್ಲಿ ಕೂರಿಸಿಕೊಂಡು, ಎದ್ದು ನಿಂತು ಉತ್ತರ ಹೇಳಿ: ಜನವರಿ ಎರಡನೇ ತಾರೀಕು ಖುದ್ದೂಸ್ ಸಾಹೇಬರು ಎತ್ತಿಕೊಟ್ಟ ತಟ್ಟೆಯನ್ನು ತೆಗೆದುಕೊಂಡವರು ಯಾರು?

ಶಂಭುಲಿಂಗಯ್ಯ
ಸ್ಥಾಪಕ ಸದಸ್ಯ